ಬಾವಿ ಕಟ್ಟೆಯ ಫರ್ಸಿಗೆ ಆ್ಯಸಿಡ್ ಬೇಡ: ಹಾಸುಗಲ್ಲು ತೊಳೆಯುವ, ದುರಸ್ತಿ ಮಾಡುವ ಸರಿಯಾದ ದಾರಿ



ಕಳೆದ ಮಳೆಗಾಲದಲ್ಲಿ ಹುಮನಾಬಾದ ತಾಲೂಕಿನ ಒಂದು ಹಳ್ಳಿಯ ಸಂಘದ ಸಭೆಗೆ ನಾವು ಹೋಗಿದ್ದೆವು. ಹಾಜರಿ ಕರೆದಾಗ ಒಬ್ಬ ತಾಯಿ ಬಂದಿರಲಿಲ್ಲ. "ಯಾಕ್ ಬಂದಿಲ್ರಿ ಅವರು?" ಅಂತ ಕೇಳಿದೆವು. "ಬಾವಿ ಕಟ್ಟಿ ಮ್ಯಾಲ ಜಾರಿ ಬಿದ್ದಾರ್ರಿ. ಸೊಂಟದ ಮ್ಯಾಲ ತುಂಬಿದ ಕೊಡ ಇತ್ತು, ಕೈ ಮುರದದ" ಅಂದರು. ದಿನಾ ದುಡಿದು ತಿನ್ನುವ ಮನೆಯಲ್ಲಿ ಒಂದು ಕೈ ಮುರಿದರೆ ಏನಾಗುತ್ತದೆ ಅನ್ನುವುದು ನಿಮಗೆ ನಾವು ಹೇಳಬೇಕಾಗಿಲ್ಲ. ಎರಡು ತಿಂಗಳ ಕೂಲಿ ಹೋಯಿತು, ಉಳಿತಾಯದ ದುಡ್ಡೂ ಆಸ್ಪತ್ರೆಗೆ ಹೋಯಿತು.

ಸಭೆ ಮುಗಿದ ಮೇಲೆ ಎಲ್ಲರೂ ಕೂಡಿ ಆ ಕಟ್ಟೆ ನೋಡಲು ಹೋದೆವು. ಫರ್ಸಿಯ ಮೇಲೆ ಹಸಿರು ಪಾಚಿ ಕಟ್ಟಿತ್ತು. ಎರಡು ಕಲ್ಲು ಕಾಲಿಟ್ಟರೆ ಅಲುಗಾಡುತ್ತಿದ್ದವು. ಬಟ್ಟೆ ಒಗೆದ ನೀರು ಕಲ್ಲಿನ ಸಂದಿಯಲ್ಲಿ ಇಳಿದು ಬಾವಿಯ ಕಡೆಗೇ ಹೋಗುತ್ತಿತ್ತು. "ನಾಳೆ ಆ್ಯಸಿಡ್ ತಂದು ಹಾಕಿ ತಿಕ್ಕತೀವ್ರಿ, ಲಕಲಕ ಹೊಳೀತದ" ಅಂತ ಒಬ್ಬರು ಹೇಳಿದರು. ನಾವು ಬೇಡ ಅಂದೆವು. ಯಾಕೆ ಬೇಡ, ಅದರ ಬದಲು ಏನು ಮಾಡಬೇಕು ಅನ್ನುವುದನ್ನು ಎಲ್ಲ ಸಂಘಗಳಿಗೂ ತಿಳಿಸೋಣ ಅಂತ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಕಟ್ಟೆಯ ಕಲ್ಲು ಯಾವುದು?

ಬಸವಕಲ್ಯಾಣ, ಹುಮನಾಬಾದ ಕಡೆ ಬಾವಿ, ಬೋರ್‌ವೆಲ್, ನಲ್ಲಿ, ಬಚ್ಚಲು, ಅಂಗಳ ಎಲ್ಲೆಡೆ ಹೆಚ್ಚಾಗಿ ಕಾಣುವುದು ಶಹಾಬಾದ ಫರ್ಸಿ. ಕಲಬುರಗಿ ಜಿಲ್ಲೆಯ ಶಹಾಬಾದ ಊರಿನಿಂದ ಈ ಹೆಸರು ಬಂದಿದೆ. ಇದು ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಅಲ್ಲಿಯ ನೆಲದಲ್ಲಿ ಇಂಥ ಸುಣ್ಣದ ಕಲ್ಲು ಇರುವುದರಿಂದಲೇ. ಫರ್ಸಿ ಪದರು ಪದರಾಗಿ ಇರುತ್ತದೆ. ಅದಕ್ಕೇ ಹಲಗೆಯಂತೆ ಸೀಳಿ ತೆಗೆಯಲು ಬರುತ್ತದೆ. ಅದೇ ಕಾರಣಕ್ಕೆ ಅಂಚಿಗೆ ಜೋರಾಗಿ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.

ಇನ್ನೊಂದು ನಮ್ಮ ಬೀದರ ಜಿಲ್ಲೆಯ ಕೆಂಪು ಕಲ್ಲು. ಇದರ ತುಂಬ ಸಣ್ಣ ಸಣ್ಣ ತೂತು. ನೀರು ಹೀರುತ್ತದೆ, ಪಾಚಿಯೂ ಬೇಗ ಕಟ್ಟುತ್ತದೆ. ಮೂರನೆಯದು ಕರಿಕಲ್ಲು, ಬಹಳ ಗಟ್ಟಿ.

ಗುರುತು ಸಿಗದಿದ್ದರೆ ಒಡೆದ ಒಂದು ತುಂಡಿನ ಮೇಲೆ ನಿಂಬೆರಸ ಬಿಟ್ಟು ನೋಡಿ. ಸ್ವಲ್ಪ ಹೊತ್ತಿನ ಮೇಲೆ ಒರೆಸಿದಾಗ ಅಲ್ಲಿ ಹೊಳಪು ಹೋಗಿ ಮಾಸಿದ ಕಲೆ ಉಳಿದರೆ ಅದು ಸುಣ್ಣದ ಕಲ್ಲು. ನಿಂಬೆ, ಹುಣಸೆ ಇಷ್ಟು ಮಾಡುವುದಾದರೆ ಆ್ಯಸಿಡ್ ಎಷ್ಟು ಮಾಡೀತು, ನೀವೇ ಯೋಚಿಸಿ.

ಆ್ಯಸಿಡ್ ಯಾಕೆ ಬೇಡ?

ಫರ್ಸಿಯ ಮೇಲೆ ಕೂಡುವ ಬಿಳಿ ಕಲೆ ಎಲ್ಲಿಂದ ಬರುತ್ತದೆ? ನಮ್ಮ ಬೋರ್ ನೀರು ಬಹಳ ಕಡೆ ಗಡಸು ನೀರು. ಅದರಲ್ಲಿ ಸುಣ್ಣ ಕರಗಿರುತ್ತದೆ. ನೀರು ಆರಿದಾಗ ಸುಣ್ಣ ಕಲ್ಲಿನ ಮೇಲೆ ಉಳಿಯುತ್ತದೆ. ಅಂದ್ರೆ ಕಲೆಯೂ ಸುಣ್ಣ, ಕಲ್ಲೂ ಸುಣ್ಣ. ಆ್ಯಸಿಡ್‌ಗೆ ಎರಡರ ಭೇದ ಗೊತ್ತಾಗುವುದಿಲ್ಲ. ಆ್ಯಸಿಡ್ ಹಾಕಿದ ಕೂಡಲೇ ಬುರುಗು ಏಳುತ್ತದಲ್ಲ, ಕೊಳೆ ಹೋಗುತ್ತಿದೆ ಅಂತ ನಾವು ಖುಷಿಪಡುತ್ತೇವೆ. ನಿಜವಾಗಿ ಕಲೆಯ ಜೊತೆಗೆ ಕಲ್ಲೂ ಕರಗುತ್ತಿರುತ್ತದೆ. ಸಂದಿಯ ಸಿಮೆಂಟೂ ಸವೆಯುತ್ತದೆ. ಎರಡು ದಿನ ಬೆಳ್ಳಗೆ ಕಾಣುತ್ತದೆ. ಆಮೇಲೆ ಮೈ ತರಿತರಿಯಾಗಿ, ಸಣ್ಣ ಕುಳಿ ಬಿದ್ದು, ಅದರಲ್ಲಿ ಮೊದಲಿಗಿಂತ ಹೆಚ್ಚು ಕೊಳೆ, ಪಾಚಿ ಕೂಡುತ್ತದೆ. ಮತ್ತೆ ಆ್ಯಸಿಡ್ ತರುತ್ತೇವೆ. ದುಡ್ಡೂ ಹೋಯಿತು, ಕಲ್ಲೂ ಹೋಯಿತು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿ ಎರಡನ್ನೂ ಒಟ್ಟಿಗೆ ಹಾಕಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಹುಟ್ಟುತ್ತದೆ. ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಉಸಿರು ಕಟ್ಟುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಇದರಿಂದ ಜೀವವೇ ಹೋಗಬಹುದು. "ಎರಡೂ ಹಾಕಿದ್ರ ಚೊಲೋ ಹೊಳೀತದ" ಅನ್ನುವ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. ಅಕಸ್ಮಾತ್ ಹಾಗೆ ಆದರೆ ಎಲ್ಲ ಬಿಟ್ಟು ಬಯಲಿಗೆ ಬನ್ನಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ತೊಳೆಯುವ ಕ್ರಮ

1. ಮೊದಲು ಒಣಗಿದಾಗ ಗುಡಿಸಿ. ಪಾಚಿಯನ್ನು ಮರದ ಚಕ್ಕೆ ಅಥವಾ ಪ್ಲಾಸ್ಟಿಕ್ ತುಂಡಿನಿಂದ ಕೆರೆದು ಬುಟ್ಟಿಗೆ ತುಂಬಿ ಹೊರಗೆ ಹಾಕಿ. ಬಾವಿಯ ಹತ್ತಿರ ನೀರು ಹಾಕಿ ತಳ್ಳಬೇಡಿ.

2. ಸಂದಿಗಳು ತೆರೆದಿದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಸಂದಿ ತುಂಬಿಸಿ. ಇಲ್ಲವಾದರೆ ತೊಳೆದ ಕೊಳೆಯೆಲ್ಲ ಬಾವಿಗೇ ಇಳಿಯುತ್ತದೆ.

3. ಸಂದಿ ಗಟ್ಟಿ ಇದ್ದರೆ ಬಟ್ಟೆ ಒಗೆಯುವ ಸಾಬೂನು ಪುಡಿಯ ನೀರು ಹಾಕಿ, ತೆಂಗಿನ ನಾರು ಅಥವಾ ಪ್ಲಾಸ್ಟಿಕ್ ಬ್ರಶ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆಯಿರಿ. ಕಬ್ಬಿಣದ ಬ್ರಶ್ ಬೇಡ. ಅದು ಕಲ್ಲಿಗೆ ಗೀರು ಹಾಕುತ್ತದೆ, ಅದರ ಚೂರು ಉಳಿದರೆ ತುಕ್ಕಿನ ಕಲೆಯೂ ಬೀಳುತ್ತದೆ.

4. ಪಾಚಿ ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರ ಬ್ಲೀಚಿಂಗ್ ಪುಡಿ. ಸಾಬೂನು ಪೂರ್ತಿ ಹೋದ ಮೇಲೆ ಇದನ್ನು ಹಾಕಬೇಕು, ಯಾವುದರ ಜೊತೆಗೂ ಕೂಡಿಸಬಾರದು. 10 ಲೀಟರಿನ ಪ್ಲಾಸ್ಟಿಕ್ ಬಕೆಟ್ ನೀರಿಗೆ 2 ದೊಡ್ಡ ಚಮಚ ಪುಡಿ ಕಲಸಿ ಅರ್ಧ ಗಂಟೆ ಬಿಡಿ. ಕೆಳಗೆ ಸುಣ್ಣ ಕೂಡುತ್ತದೆ. ಮೇಲಿನ ತಿಳಿ ನೀರನ್ನಷ್ಟೇ ಕಲ್ಲಿಗೆ ಹಾಕಿ. ಗಸಿಯನ್ನೂ ಸುರಿದರೆ ಬಿಳಿ ಕಲೆ ಆಗುತ್ತದೆ. 10–15 ನಿಮಿಷ ಬಿಟ್ಟು ತಿಕ್ಕಿ, ಹೇರಳ ನೀರು ಹಾಕಿ ತೊಳೆಯಿರಿ. ಕೈಗೆ ರಬ್ಬರ್ ಚೀಲ ಇರಲಿ. ಮಕ್ಕಳು, ದನಕರು ಹತ್ತಿರ ಬಾರದಂತೆ ನೋಡಿಕೊಳ್ಳಿ.

5. ಬಿಳಿ ಕಲೆಯನ್ನು ನೀರು ಹಾಕಿ ನೆನೆಸಿ, ಚಪ್ಪಟೆ ಪಟ್ಟಿಯಿಂದ ಮೆಲ್ಲಗೆ ಕೆರೆಯಿರಿ. ಉಳಿದದ್ದನ್ನು ನುಣ್ಣನೆಯ ಮರಳು ಕಾಗದದಿಂದ ತಿಕ್ಕಿ. ಹೊತ್ತು ಹಿಡಿಯುತ್ತದೆ, ಆದರೆ ಕಲ್ಲು ಉಳಿಯುತ್ತದೆ. ಸೋರುವ ನಲ್ಲಿ ರಿಪೇರಿ ಮಾಡಿಸದಿದ್ದರೆ ಈ ಕಲೆ ತಪ್ಪುವುದಿಲ್ಲ.

ಕೆಂಪು ಕಲ್ಲಿಗೆ ಬ್ರಶ್ ಮತ್ತು ಬರೀ ನೀರು ಸಾಕು. ಜೋರಾಗಿ ಕೆರೆದರೆ ಕಲ್ಲೇ ಪುಡಿ ಉದುರುತ್ತದೆ.

ದುರಸ್ತಿ ಹೇಗೆ?

ಒಂದು ಕಟ್ಟಿಗೆ ತೆಗೆದುಕೊಂಡು ಪ್ರತಿ ಕಲ್ಲಿನ ಮೇಲೆ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ. ಡಬ್ ಡಬ್ ಅಂತ ಪೊಳ್ಳು ಸದ್ದು ಬಂದರೆ ಕೆಳಗೆ ಮಣ್ಣು ಕೊಚ್ಚಿಹೋಗಿದೆ. ಅಂಥ ಕಲ್ಲಿಗೆ ಸುಣ್ಣದಿಂದ ಗುರುತು ಹಾಕಿ.

ಆ ಕಲ್ಲನ್ನು ಹಾರೆಯಿಂದ ನಿಧಾನ ಎಬ್ಬಿಸಬೇಕು. ಅಂಚಿಗೆ ಸುತ್ತಿಗೆ ಹೊಡೆಯಬೇಡಿ. ಕೆಳಗಿನ ಸಡಿಲ ಮಣ್ಣು ತೆಗೆದು, ಗರಸು ಹಾಕಿ, ನೀರು ಚಿಮುಕಿಸಿ ಗುದ್ದಿ ಗಟ್ಟಿ ಮಾಡಿ. ಅದರ ಮೇಲೆ 1 ಪಾಲು ಸಿಮೆಂಟ್, 4 ಪಾಲು ಉಸುಕು ಕಲಸಿದ ಮಾಲು ಹಾಸಿ. ಅಲ್ಲಲ್ಲಿ ಗುಡ್ಡೆ ಇಟ್ಟರೆ ಮತ್ತೆ ಪೊಳ್ಳಾಗುತ್ತದೆ, ಕಲ್ಲಿನ ಪೂರ್ತಿ ಅಗಲಕ್ಕೂ ಮಾಲು ಇರಬೇಕು. ಕಲ್ಲಿನ ಕೆಳಮೈ ತೊಳೆದು, ಒದ್ದೆ ಮಾಡಿ, ಕೂರಿಸಿ, ಕಟ್ಟಿಗೆಯಿಂದ ಮೆಲ್ಲಗೆ ತಟ್ಟಿ.

ಇಳಿಜಾರು ಮರೆಯಬೇಡಿ. ಬಾವಿಯಿಂದ ಹೊರಗೆ, 3 ಅಡಿಗೆ ಮುಕ್ಕಾಲು ಇಂಚಿನಷ್ಟು ಇಳಿಜಾರು ಬೇಕು. ಮಾಲು ಹಸಿ ಇರುವಾಗಲೇ ಒಂದು ತಂಬಿಗೆ ನೀರು ಕಲ್ಲಿನ ಮೇಲೆ ಸುರಿದು ನೋಡಿ. ನೀರು ನಿಂತಲ್ಲಿ ಪಾಚಿ ಬಂದೇ ಬರುತ್ತದೆ.

ಸಂದಿಗಳಿಂದ ಹಳೆಯ ಸಡಿಲ ಸಿಮೆಂಟ್, ಹುಲ್ಲಿನ ಬೇರು ಕೆದರಿ ತೆಗೆದು, ತೊಳೆದು, ಒದ್ದೆ ಮಾಡಿ, 1 ಪಾಲು ಸಿಮೆಂಟಿಗೆ 3 ಪಾಲು ಸೋಸಿದ ಉಸುಕು ಕಲಸಿ ಒತ್ತಿ ತುಂಬಿ. ಕಟ್ಟೆಯ ಗೋಡೆ ಮತ್ತು ಫರ್ಸಿ ಕೂಡುವ ಸಂದಿಯನ್ನು ವಿಶೇಷವಾಗಿ ನೋಡಿ. ಹೊಲಸು ನೀರು ಬಾವಿಗೆ ಇಳಿಯುವ ದಾರಿ ಹೆಚ್ಚಾಗಿ ಅದೇ. ವಾಂತಿಭೇದಿ, ಕಾಮಾಲೆ ಬರುವುದು ಇಂಥ ನೀರಿನಿಂದಲೇ. ಕಲ್ಲಿನ ಮೇಲೆ ಬಿದ್ದ ಸಿಮೆಂಟನ್ನು ಒಣಗುವ ಮುಂಚೆಯೇ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಮೇಲೆ ಅದನ್ನು ತೆಗೆಯಲು ಮತ್ತೆ ಆ್ಯಸಿಡ್ ನೆನಪಾಗುತ್ತದೆ!

ಎರಡು ದಿನ ಯಾರೂ ಕಾಲಿಡಬಾರದು. ಒದ್ದೆ ಗೋಣಿಚೀಲ ಮುಚ್ಚಿ 7 ದಿನ ನೀರು ಚಿಮುಕಿಸುತ್ತಿರಬೇಕು. ನಮ್ಮ ಬ್ಯಾಸಗಿ ಬಿಸಿಲಿಗೆ ಇದು ತಪ್ಪಿದರೆ ಸಂದಿ ಬಿರುಕು ಬಿಡುವುದು ಖಂಡಿತ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಬರಿಗೈಯಿಂದ ಮುಟ್ಟಬೇಡಿ. ಕಣ್ಣಿಗೆ ಸಿಡಿದರೆ 15 ನಿಮಿಷ ತಣ್ಣೀರು ಬಿಟ್ಟು ತೊಳೆದು ಆಸ್ಪತ್ರೆಗೆ ಹೋಗಿ.

ಹೊಸ ಕಲ್ಲು ತರುವುದಿದ್ದರೆ ನುಣುಪು ಮಾಡಿದ ಫರ್ಸಿ ಬೇಡ, ಒರಟು ಮೈಯದನ್ನು ಕೇಳಿ. ಹಾಕಿದ್ದು ಜಾರುತ್ತಿದ್ದರೆ ಬೀಸುಕಲ್ಲಿಗೆ ಉಳಿ ಹೊಡೆಸುವ ಹಾಗೆ ತಿಳಿದ ಗೌಂಡಿಯಿಂದ ಸಣ್ಣಗೆ ಉಳಿ ಹೊಡೆಸಬಹುದು.

ಈಜುಕೊಳದ ಕೆಲಸಕ್ಕೆ ಹೋಗುವವರಿಗೆ

ನಮ್ಮ ಭಾಗದಿಂದ ಹೈದರಾಬಾದ, ಪುಣೆ ಕಡೆ ದುಡಿಯಲು ಹೋದವರಲ್ಲಿ ಕೆಲವರು ದೊಡ್ಡ ಹೋಟೆಲುಗಳಲ್ಲಿ ಸ್ವಚ್ಛತೆಯ ಕೆಲಸ ಮಾಡುತ್ತಾರೆ. ಈಜುಕೊಳದ ಸುತ್ತ ಹಾಸಿದ ಕಲ್ಲಿಗೂ ಮೇಲಿನ ಮಾತೇ ಅನ್ವಯಿಸುತ್ತದೆ. ಅಲ್ಲಿ ಅಪಾಯ ಇನ್ನೂ ಹೆಚ್ಚು, ಯಾಕಂದ್ರೆ ಕೊಳದ ನೀರಿಗೆ ಹಾಕುವ ಕ್ಲೋರಿನ್ ಪುಡಿ ಮತ್ತು ಆ್ಯಸಿಡ್ ಡಬ್ಬಿ ಒಂದೇ ಕೋಣೆಯಲ್ಲಿ ಇಟ್ಟಿರಬಹುದು. ಒಂದರ ಮಗ್ಗು ಇನ್ನೊಂದಕ್ಕೆ ಹಾಕಬೇಡಿ. ಡಬ್ಬಿಯ ಮೇಲಿನ ಹೆಸರು ಓದಿಸಿಕೊಂಡೇ ಕೈ ಹಾಕಿ. ಕೈಚೀಲ, ಬೂಟು ಕೇಳುವುದು ನಿಮ್ಮ ಹಕ್ಕು, ನಾಚಿಕೆ ಬೇಡ.

ಇನ್ನೊಂದು ಮಾತು. ಕೊಳದ ಅಂಚಿಗೂ ಹಾಸುಗಲ್ಲಿಗೂ ನಡುವೆ ರಬ್ಬರಿನಂಥ ಮೆತ್ತನೆಯ ಪಟ್ಟಿ ಇರುತ್ತದೆ. ಬಿಸಿಲಿಗೆ ಕಲ್ಲು ಹಿಗ್ಗಲು ಜಾಗ ಬೇಕು ಅಂತ ಅದನ್ನು ಬಿಟ್ಟಿರುತ್ತಾರೆ. ಅದು ಕಿತ್ತುಹೋದರೆ ಮೇಲಿನವರಿಗೆ ತಿಳಿಸಿ. ಸಿಮೆಂಟ್ ತುಂಬಿದರೆ ಅದು ಬಿರುಕು ಬಿಡುತ್ತದೆ, ಅಂಚಿನ ಕಲ್ಲೂ ಏಳುತ್ತದೆ.

ಸಂಘವಾಗಿ ಏನು ಮಾಡಬಹುದು?

ಬಾವಿ, ಬೋರ್‌ವೆಲ್ ಕಟ್ಟೆ ಪಂಚಾಯತಿಗೆ ಸೇರಿದ್ದರೆ ಗ್ರಾಮ ಪಂಚಾಯತಿಗೆ ಸಂಘದ ಠರಾವಿನ ಪ್ರತಿ ಜೋಡಿಸಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮನೆಯ ಮುಂದಿನ ಕಟ್ಟೆಗಳಾದರೆ ನಾಲ್ಕೈದು ಮನೆಯವರು ಒಂದೇ ವಾರ ಕೆಲಸ ಇಟ್ಟುಕೊಳ್ಳಿ. ಸಿಮೆಂಟ್ ಚೀಲ 50 ಕೆ.ಜಿ. ಬರುತ್ತದೆ. ಒಂದು ಮನೆಗೆ ಅಷ್ಟು ಬೇಕಾಗುವುದಿಲ್ಲ, ಉಳಿದದ್ದು ತೇವಕ್ಕೆ ಗಟ್ಟಿಯಾಗಿ ಹಾಳಾಗುತ್ತದೆ. ಹಂಚಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಗೌಂಡಿಯ ಕೂಲಿಯೂ ಉಳಿಯುತ್ತದೆ. ಲೆಕ್ಕವನ್ನು ಸಂಘದ ಪುಸ್ತಕದಲ್ಲೇ ಬರೆಯಿರಿ.

ಹಳೆಯ ಗುಡಿ, ಕೋಟೆ, ಪುರಾತನ ಬಾವಿಯ ಕಲ್ಲಿಗೆ ಮಾತ್ರ ಈ ಯಾವ ದುರಸ್ತಿಯೂ ಬೇಡ. ಕಲ್ಯಾಣವು 11ನೇ ಶತಮಾನದಲ್ಲೇ ಚಾಲುಕ್ಯರ ರಾಜಧಾನಿಯಾಗಿತ್ತು. ಜಲಸಂಗ್ವಿಯಂಥ ಕಡೆ ಆ ಕಾಲದ ಕೆತ್ತನೆ ಇಂದಿಗೂ ಇದೆ. ಅಂಥ ಕಲ್ಲಿಗೆ ಸಿಮೆಂಟ್ ಮೆತ್ತಬಾರದು, ಪುರಾತತ್ವ ಇಲಾಖೆಯವರಿಗೆ ತಿಳಿಸಬೇಕು.

ಮೊದಲು ಹೇಳಿದ ಆ ಹಳ್ಳಿಯಲ್ಲಿ ಸಂಘದವರು ಆ್ಯಸಿಡ್ ತರಲಿಲ್ಲ. ಇಬ್ಬರು ಗರಸು ಹೊತ್ತರು, ಇಬ್ಬರು ಸಂದಿ ಕೆದರಿದರು, ಉಳಿದವರು ಸರದಿಯ ಮೇಲೆ ಏಳು ದಿನ ನೀರು ಚಿಮುಕಿಸಿದರು. ಕೈ ವಾಸಿಯಾದ ಆ ತಾಯಿ ಈಗ ಅದೇ ಕಟ್ಟೆಯಿಂದ ನೀರು ತರುತ್ತಾರೆ. "ಹೊಳಪು ಇಲ್ಲಂದ್ರ ನಡೀತದ್ರಿ, ಕಾಲು ನಿಂತ್ರ ಸಾಕು" ಅಂದರು.

ಮುಂದಿನ ಸಭೆಗೆ ಮುಂಚೆ ನಿಮ್ಮ ಓಣಿಯ ಕಟ್ಟೆಗೆ ಹೋಗಿ ಕಟ್ಟಿಗೆಯಿಂದ ತಟ್ಟಿ ನೋಡಿ. ಎಷ್ಟು ಕಲ್ಲು ಪೊಳ್ಳು, ಎಷ್ಟು ಸಂದಿ ತೆರೆದಿದೆ, ನೀರು ಯಾವ ಕಡೆ ಹರಿಯುತ್ತದೆ ಎಂದು ಬರೆದುಕೊಂಡು ಬನ್ನಿ. ಕೂಡಿ ಮಾತಾಡೋಣ.