ತಮ್ಮ ಬಾಯಿಂದಲೇ ಹೇಳುವ ಮಾತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಕೊಬ್ಬರಿ ನೆನಪಾಗುತ್ತದೆ. ಈ ಸೀಮೆಯಲ್ಲಿ ಕ್ರೈಸ್ತ ಮನೆಗಳು ಕಡಿಮೆ, ಅವರ ಆಚರಣೆಗಳ ಪರಿಚಯ ಉಳಿದವರಿಗೆ ಇನ್ನೂ ಕಡಿಮೆ. ಕ್ರಿಸ್‌ಮಸ್ ಎಲ್ಲರಿಗೂ ಗೊತ್ತು. ಆದರೆ ಅವರ ಮಕ್ಕಳ ಬಾಳಿನಲ್ಲಿ ಅದಕ್ಕಿಂತ ದೊಡ್ಡ ದಿನವೊಂದಿದೆ. ಅದೇ ದೃಢೀಕರಣ. ಮನೆಮಾತಿನಲ್ಲಿ ಕನ್ಫರ್ಮೇಶನ್.

ಕೂಸಾಗಿದ್ದಾಗ ದೀಕ್ಷಾಸ್ನಾನ ಆಗಿರುತ್ತದೆ. ಆಗ ವಿಶ್ವಾಸದ ಮಾತು ಕೊಟ್ಟವರು ತಂದೆತಾಯಿ ಮತ್ತು ಹೊಣೆ ಹೊತ್ತವರು. ಹೈಸ್ಕೂಲು ವಯಸ್ಸಿಗೆ ಬಂದ ಮೇಲೆ ಹುಡುಗ ಹುಡುಗಿಯರು ಸಭೆಯ ಮುಂದೆ ನಿಂತು ಆ ಮಾತನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಲಿಂಗದೀಕ್ಷೆಯನ್ನು ಹತ್ತಿರದಿಂದ ಕಂಡ ಈ ಭಾಗದ ಜನಕ್ಕೆ ಇದರ ಗಾಂಭೀರ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿನ ಪ್ರೊಟೆಸ್ಟಂಟ್ ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನಲ್ಲಿದೆ. ತಿಪಟೂರಿಗೆ ಹೋಗುವ ದಾರಿಯಲ್ಲೇ ಸಿಗುವ ಗುಬ್ಬಿಯಲ್ಲಿ 1830ರ ದಶಕದ ಕೊನೆಗೇ ಥಾಮಸ್ ಹಾಡ್ಸನ್ ಕನ್ನಡದಲ್ಲಿ ಕೆಲಸ ಆರಂಭಿಸಿದ್ದರು. 1839ರಲ್ಲಿ ಬಂದ ವಿಲಿಯಂ ಆರ್ಥರ್ ಗುಬ್ಬಿಯ ಅನುಭವವನ್ನು ಸೇರಿಸಿ 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಪುಸ್ತಕವನ್ನೇ ಬರೆದರು. ಈ ಮೆಥೊಡಿಸ್ಟರಲ್ಲಿ ಬಿಷಪ್ ಇರಲಿಲ್ಲ, ತಲೆಯ ಮೇಲೆ ಬಿಷಪರು ಕೈಯಿಡುವ ವಿಧಿಯೂ ಇರಲಿಲ್ಲ. ಸಣ್ಣ ಗುಂಪುಗಳಲ್ಲಿ ಕೂತು ತಮ್ಮ ನಂಬಿಕೆಯ ನಡೆಯನ್ನು ಒಬ್ಬರಿಗೊಬ್ಬರು ಒಪ್ಪಿಸುವುದು, ಪರೀಕ್ಷಾ ಕಾಲ ಕಳೆದ ಮೇಲೆ ಸದಸ್ಯರಾಗುವುದು ಅವರ ಪದ್ಧತಿ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಮೈಸೂರು ಧರ್ಮಪ್ರಾಂತ್ಯಕ್ಕೆ ಪಿ. ಗುರುಶಾಂತ ಮೊದಲ ಬಿಷಪರಾದರು. ಬಿಷಪರನ್ನೇ ಕಾಣದಿದ್ದ ಸಭೆಗಳಿಗೆ ಕನ್ನಡ ಹೆಸರಿನ ಬಿಷಪರೇ ದೊರೆತದ್ದು ಸಣ್ಣ ಸಂಗತಿಯಲ್ಲ. 1950ರಲ್ಲಿ ಹೊರಬಂದ ಸಿ.ಎಸ್.ಐ. ದೃಢೀಕರಣ ಕ್ರಮದಲ್ಲಿ ಎರಡು ಹೊಳೆಗಳೂ ಸೇರಿವೆ: ಕೈಯಿಟ್ಟು ಪ್ರಾರ್ಥಿಸುವುದು ಆಂಗ್ಲಿಕನ್ನರಿಂದ ಬಂತು, ಸಭೆಯ ಪೂರ್ಣ ಅನ್ಯೋನ್ಯತೆಗೆ ಸೇರಿಸಿಕೊಳ್ಳುವ ಒತ್ತು ಉಳಿದವರಿಂದ.

ಸಿದ್ಧತೆ ತರಗತಿಯಲ್ಲಿ ನಡೆಯುತ್ತದೆ. ಕರ್ತನ ಪ್ರಾರ್ಥನೆ, ಹತ್ತು ಆಜ್ಞೆಗಳು, ಅಪೊಸ್ತಲರ ವಿಶ್ವಾಸ ಪ್ರಮಾಣ ಇವು ಬಾಯಿಪಾಠವಾಗಬೇಕು. ಬಾಯಿಪಾಠ ಸುಲಭದ ಭಾಗ. ಸತ್ತವರು ಏಳುವುದೆಂದರೇನು, ಬೇರೆ ಧರ್ಮದ ಗೆಳತಿಯ ಮನೆಯ ಹಬ್ಬಕ್ಕೆ ಹೋಗಬಹುದೇ ಎಂದು ಮಕ್ಕಳು ಕೇಳತೊಡಗಿದಾಗಲೇ ನಿಜವಾದ ಪಾಠ. ಅಂಥ ಪ್ರಶ್ನೆಗೆ ಸಮಯ ಕೊಡುವ ಅಯ್ಯನವರು ಸಿಕ್ಕಿದ ಮಕ್ಕಳು ಪುಣ್ಯವಂತರು.

ಆರಾಧನೆಯ ದಿನ ಬಿಷಪರು ಕೇಳುತ್ತಾರೆ, ಮಕ್ಕಳು ಉತ್ತರಿಸುತ್ತಾರೆ. ಆಮೇಲೆ ಮೊಣಕಾಲೂರುತ್ತಾರೆ. ಬಿಷಪರು ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಪವಿತ್ರಾತ್ಮನ ಬಲಕ್ಕಾಗಿ ಪ್ರಾರ್ಥಿಸುತ್ತಾರೆ. ಪೇತ್ರ, ಯೋಹಾನರು ಸಮಾರ್ಯದವರ ಮೇಲೆ ಕೈಯಿಟ್ಟದ್ದು ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿದೆ. ವಾಡಿಕೆಯಂತೆ ಮೊದಲ ಕರ್ತನ ಭೋಜನವೂ ಇದಾದ ಮೇಲೆಯೇ.

ಕಥೋಲಿಕರಲ್ಲಿ ಕ್ರಮ ಬೇರೆ. ಪರಮಪ್ರಸಾದ ಏಳೆಂಟು ವರ್ಷಕ್ಕೇ ಸಿಗುತ್ತದೆ, ದೃಢೀಕರಣ ಅನಂತರ. ಬಿಷಪರು ಪವಿತ್ರ ಗುರುವಾರದ ಹೊತ್ತಿಗೆ ಆಶೀರ್ವದಿಸಿದ ಕ್ರಿಸ್ಮ ತೈಲವನ್ನು ಹಣೆಗೆ ಹಚ್ಚುತ್ತಾರೆ. ಅದು ಸಾಮಾನ್ಯವಾಗಿ ಆಲಿವ್ ಎಣ್ಣೆ. ಬೇರೆ ಸಸ್ಯದ ಎಣ್ಣೆಯೂ ಆಗಬಹುದೆಂದು 1983ರ ಧರ್ಮಸಭೆಯ ಕಾನೂನು ಹೇಳುತ್ತದೆ. ಅಂದರೆ ತಿಪಟೂರಿನ ಕೊಬ್ಬರಿ ಎಣ್ಣೆಗೂ ಅಡ್ಡಿಯಿಲ್ಲ. ನನಗೆ ಇದು ತುಂಬ ಹಿಡಿಸಿದ ವಿಷಯ.

ಎಸ್ಸೆಸ್ಸೆಲ್ಸಿ ಮುಗಿದರೆ ಈ ಮಕ್ಕಳು ಓದಿಗೆಂದು ತುಮಕೂರು, ಬೆಂಗಳೂರು ಸೇರುತ್ತಾರೆ. ಅಲ್ಲಿ ಅಪ್ಪ ಅಮ್ಮ ಪಕ್ಕದಲ್ಲಿ ಇರುವುದಿಲ್ಲ. ಆದ್ದರಿಂದ ಹಿರಿಯರಲ್ಲಿ ಒಂದು ಕೋರಿಕೆ: ಹೊಸ ಬಟ್ಟೆ, ಫೋಟೊ, ಊಟದ ಸಡಗರ ಇರಲಿ, ಆದರೆ ತರಗತಿಯನ್ನು ಎರಡು ಮೂರು ಭಾನುವಾರಕ್ಕೆ ಮೊಟಕುಗೊಳಿಸಬೇಡಿ. ಇನ್ನೂ ಸಿದ್ಧವಿಲ್ಲ ಎಂದು ಮಗು ಹೇಳಿದರೆ ಬಲವಂತ ಮಾಡದೆ ಮುಂದಿನ ವರ್ಷದವರೆಗೆ ಕಾಯಿರಿ.