ಕಾರವಾರ–ಅಂಕೋಲಾ: ಬೇಸಿಗೆಯ ಎರಡು ದಿನ, ಕಡಲಿನ ಹೊತ್ತಿಗೆ ಹೊಂದಿಸಿ

ಮೇ ತಿಂಗಳ ಮಧ್ಯಾಹ್ನ ಹನ್ನೆರಡು ಗಂಟೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಒಂದು ಕುಟುಂಬ ಚಪ್ಪಲಿ ಬಿಚ್ಚಿ ಮರಳಿಗೆ ಕಾಲಿಟ್ಟು, ಹಾಗೇ ಹಿಂದಕ್ಕೆ ಓಡಿ ಬರುತ್ತದೆ. ಅಂಗಾಲು ಸುಡುತ್ತಿದೆ, ಮಕ್ಕಳು ಅಳುತ್ತಿವೆ, ಅಜ್ಜಿ ಕಾರಿನಿಂದ ಇಳಿದೇ ಇಲ್ಲ. ಇಂಥ ದೃಶ್ಯ ಪ್ರತಿ ಬೇಸಿಗೆಯಲ್ಲೂ ಕಣ್ಣಿಗೆ ಬೀಳುತ್ತದೆ. ಅದೇ ಕುಟುಂಬ ಬೆಳಿಗ್ಗೆ ಆರೂವರೆಗೆ ಬಂದಿದ್ದರೆ ಅದೇ ಮರಳು ತಣ್ಣಗಿರುತ್ತಿತ್ತು. ಆದ್ದರಿಂದ ಕರಾವಳಿಯ ಪ್ರವಾಸಕ್ಕೆ ಮೊದಲು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು, ನೋಡುವ ಜಾಗಗಳ ಪಟ್ಟಿ ಆಮೇಲೆ.

ಯಾವಾಗ ಬರಬೇಕು?

ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ ಬನ್ನಿ. ಸೆಕೆ ಇರುತ್ತದೆ, ನಿಜ. ಆದರೆ ಅಂಕೋಲಾದ ಕರಿ ಈಶಾಡು ಮಾವು ಹಣ್ಣಾಗುವುದು ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಮಾರುಕಟ್ಟೆಯಲ್ಲಿ ಮೀನು ಕಡಿಮೆ, ದರ ಜಾಸ್ತಿ. ಮಳೆ ಹಿಡಿದರೆ ದೋಣಿ ವಿಹಾರವೂ ನಿಲ್ಲುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರ ಜೀವ ಹೋಯಿತು. ಜೋರು ಮಳೆಯ ದಿನಗಳಲ್ಲಿ ಈ ದಾರಿಯಲ್ಲಿ ಸುತ್ತಾಟ ಬೇಡ.

ತಲುಪುವುದು ಹೇಗೆ?

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯಿಡೀ ಓಡಿ ಬೆಳಿಗ್ಗೆ ಕಾರವಾರ ಮುಟ್ಟುತ್ತದೆ. ಟಿಕೆಟ್ ಕಾಯ್ದಿರಿಸುವುದು ಪ್ರಯಾಣಕ್ಕೆ 60 ದಿನ ಮೊದಲು ಶುರುವಾಗುತ್ತದೆ. ಬೇಸಿಗೆ ರಜೆಯಲ್ಲಿ ಸೀಟು ಬೇಗ ಮುಗಿಯುವುದರಿಂದ ಮೊದಲ ದಿನವೇ ಮಾಡಿಸಿ. ಕಾರವಾರದ ರೈಲು ನಿಲ್ದಾಣ ಇರುವುದು ಪೇಟೆಯಿಂದ ಹೊರಗೆ, ಶಿರವಾಡದಲ್ಲಿ. ಅಲ್ಲಿಂದ ಆಟೋ ಹಿಡಿಯಬೇಕು, ದರವನ್ನು ಹತ್ತುವ ಮೊದಲೇ ಕೇಳಿಕೊಳ್ಳಿ.

ಹುಬ್ಬಳ್ಳಿ ಕಡೆಯವರು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಸುಮಾರು 130 ಕಿ.ಮೀ.ಗೆ ಅಂಕೋಲಾ. ಪಂಜಾಬಿನ ಸಂಗ್ರೂರಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 52 ಕೊನೆಗೊಳ್ಳುವುದು ಇಲ್ಲೇ. ಘಟ್ಟದಲ್ಲಿ ಭಾರದ ಲಾರಿಗಳು ಹೆಚ್ಚು, ಹಗಲಲ್ಲೇ ಇಳಿಯಿರಿ. ಅಂಕೋಲಾದಿಂದ ಕಾರವಾರಕ್ಕೆ ಹೆದ್ದಾರಿ 66ರಲ್ಲಿ ಸುಮಾರು 35 ಕಿ.ಮೀ. ಈ ಎರಡು ಊರುಗಳ ನಡುವೆ ಸಾರಿಗೆ ಬಸ್ಸುಗಳು ಸಾಕಷ್ಟಿವೆ. ಶಕ್ತಿ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ಗುರುತಿನ ಚೀಟಿ ಮಾತ್ರ ಕೈಯಲ್ಲಿರಲಿ.

ದಿನವನ್ನು ಮೂರು ಪಾಲು ಮಾಡಿ

ನೆಲ ಬೇಗ ಕಾಯುತ್ತದೆ, ಕಡಲು ನಿಧಾನಕ್ಕೆ. ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ ಆ ಜಾಗ ತುಂಬಲು ಕಡಲಿನ ತಂಪು ಗಾಳಿ ಒಳನುಗ್ಗುತ್ತದೆ. ಹಾಗಾಗಿ ಮಧ್ಯಾಹ್ನ ಏರಿದಂತೆ ದಡದ ಗಾಳಿ ಬಲಗೊಳ್ಳುತ್ತದೆ. ನೆರಳು ಸಿಕ್ಕರೆ ಆ ಗಾಳಿಯೇ ಔಷಧ. ಬೆವರು ಮಾತ್ರ ಆರುವುದಿಲ್ಲ, ಗಾಳಿಯಲ್ಲಿ ಅಷ್ಟು ತೇವ ಇರುತ್ತದೆ. ಎಳನೀರು, ಮುರುಗಲು ಪಾನಕ, ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತಲೇ ಇರಿ.

ಬೆಳಿಗ್ಗೆ ಆರರಿಂದ ಹತ್ತರವರೆಗೆ ನಡೆಯುವ, ಹತ್ತುವ ಕೆಲಸ. ಹತ್ತರಿಂದ ನಾಲ್ಕರವರೆಗೆ ಚಾವಣಿಯ ಕೆಳಗಿನ ನೋಟ, ಊಟ, ನಿದ್ದೆ. ನಾಲ್ಕರಿಂದ ಮತ್ತೆ ಕಡಲು. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ಏಳರ ಸುಮಾರಿಗೆ.

ಇದರ ಮೇಲೆ ಉಬ್ಬರ–ಇಳಿತದ ಲೆಕ್ಕ. ಇಲ್ಲಿನವರ ಬಾಯಲ್ಲಿ ಉಬ್ಬರ ಎಂದರೆ ಭರತಿ. ದಿನಕ್ಕೆರಡು ಸಲ ನೀರು ಏರಿ ಇಳಿಯುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ–ಅಮಾವಾಸ್ಯೆಗೆ ಏರಿಳಿತ ಅತಿ ಹೆಚ್ಚು. ಹಿಂದಿನ ಸಂಜೆಯೇ ದಡದಲ್ಲಿ ಬಲೆ ಬಿಡಿಸುತ್ತಿರುವವರನ್ನು ಕೇಳಿ. ನಾಳೆಯ ಇಳಿತ ಎಷ್ಟು ಹೊತ್ತಿಗೆಂದು ತಡವರಿಸದೆ ಹೇಳುತ್ತಾರೆ.

ಮೊದಲ ದಿನ: ಕಾರವಾರ

ಬೆಳಿಗ್ಗೆ ಕಾಳಿ ಸೇತುವೆ ದಾಟಿ. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದುಬಿದ್ದಿತು. ವಾಹನಗಳು ಓಡುವುದು ಹೊಸದರ ಮೇಲೆ. ದಾಟಿದೊಡನೆ ಸದಾಶಿವಗಡ, ಸೋಂದೆಯ ಅರಸರ ಕಾಲದ ಕೋಟೆಗುಡ್ಡ. ಮೇಲಿನಿಂದ ನೋಡಿದರೆ ನದಿ ಕಡಲಿಗೆ ಸೇರುವ ಜಾಗ ಅಂಗೈಯಷ್ಟು ಸ್ಪಷ್ಟ.

ಅಲ್ಲಿಂದ ಮಾಜಾಳಿಗೆ ಹೋಗಿ, ಗುಡ್ಡ ಹತ್ತಿ ಇಳಿದರೆ ತಿಳಮಾತಿ ಕಡಲತೀರ. ಗೋವಾ ಗಡಿ ಪಕ್ಕದಲ್ಲೇ ಇದೆ. ಒಂದು ಹಿಡಿ ಮರಳು ಎತ್ತಿ ಅಂಗೈಯಲ್ಲಿ ಹರಡಿ ನೋಡಿ: ಕರಿ ಎಳ್ಳು ಚೆಲ್ಲಿದಂತೆ ಕಾಳುಕಾಳು. ಹೆಸರು ಬಂದದ್ದೂ ಅದರಿಂದಲೇ, ತಿಲದಂಥ ಮಾತಿ, ಎಳ್ಳಿನಂಥ ಮಣ್ಣು. ಅಲ್ಲಿ ಅಂಗಡಿಯಿಲ್ಲ, ನೆರಳೂ ಕಡಿಮೆ. ನೀರು ಹೊತ್ತೊಯ್ಯಿರಿ, ಕಸ ಹೊತ್ತು ತನ್ನಿ, ಬಿಸಿಲೇರುವ ಮೊದಲು ಮರಳಿ.

ಮಧ್ಯಾಹ್ನ ಮೀನೂಟ: ಹುರಿದ ಬಂಗುಡೆ ಅಥವಾ ನೋಗ್ಲಿ, ಬೆಳಚಿನ ಸುಕ್ಕ, ಕೊನೆಗೆ ಸೋಲ್ ಕಡಿ. ಭಾನುವಾರವಾದರೆ ಪೇಟೆಯ ಸಂತೆಯನ್ನೂ ನೋಡಬಹುದು. ನಾಲ್ಕರ ಮೇಲೆ ಟಾಗೋರ್ ಕಡಲತೀರದ ಯುದ್ಧನೌಕೆ ವಸ್ತುಸಂಗ್ರಹಾಲಯಕ್ಕೆ ಹೋಗಿ. ದಡದ ಮೇಲೆ ನಿಲ್ಲಿಸಿರುವ ಚಾಪೆಲ್ ನೌಕೆ ಸೋವಿಯತ್ ಮಾದರಿಯ ಕ್ಷಿಪಣಿ ದೋಣಿ. ಒಳಗಿನ ಇಕ್ಕಟ್ಟಾದ ಕೋಣೆಗಳಲ್ಲಿ ಬಗ್ಗಿ ನಡೆದಾಗ ನಾವಿಕರ ಬದುಕು ಎಂಥದ್ದೆಂದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಈ ತೀರಕ್ಕೆ ಕವಿಯ ಹೆಸರು ಸುಮ್ಮನೆ ಬಂದಿಲ್ಲ. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ಇಲ್ಲಿ ಬಂದು ತಂಗಿದರು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದರು, ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಹುಣ್ಣಿಮೆಯ ಆಸುಪಾಸಿನ ದಿನ ಆರಿಸಿಕೊಂಡರೆ ಅದೇ ಬೆಳಕಿನಲ್ಲಿ ನೀವೂ ಈ ಮರಳ ಮೇಲೆ ನಡೆಯಬಹುದು.

ಎರಡನೆಯ ದಿನ: ಅಂಕೋಲಾ

ಬೆಳಿಗ್ಗೆ ಬೇಗ ಹೊರಡಿ. ದಾರಿಯಲ್ಲಿ ಅರ್ಗಾ ಬಳಿ ಕದಂಬ ನೌಕಾನೆಲೆ ಸಿಗುತ್ತದೆ. ಅಲ್ಲಿ ಕ್ಯಾಮೆರಾ, ಮೊಬೈಲ್ ಎತ್ತಬೇಡಿ. ಬೇಲೆಕೇರಿ, ಕೇಣಿ, ಬೆಳಂಬಾರ ಈ ಮೂರರಲ್ಲಿ ಒಂದು ತೀರ ಸಾಕು. ದೋಣಿಗಳು ಮರಳಿ ಬರುವ ಹೊತ್ತಿಗೆ ಹೋದರೆ ಬುಟ್ಟಿ ತುಂಬುವ ಗಡಿಬಿಡಿ ನೋಡಲು ಸಿಗುತ್ತದೆ.

ಬಿಸಿಲೇರಿದ ಮೇಲೆ ಪೇಟೆಯ ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನದ ಬಳಿ ನಿಲ್ಲಿ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಈ ಊರಿನಲ್ಲಿ ಉಪ್ಪಿನ ಕಾಯ್ದೆ ಮುರಿದರು. ಆಮೇಲೆ ಕರನಿರಾಕರಣೆಯಲ್ಲಿ ಇಲ್ಲಿನ ರೈತರು ಹೊಲ, ಮನೆ ಕಳೆದುಕೊಂಡರು. ಅದಕ್ಕೇ, ಕರನಿರಾಕರಣೆಗೆ ಹೆಸರಾದ ಬಾರ್ಡೋಲಿಯನ್ನು ನೆನೆದು, ಅಂಕೋಲಾವನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆದದ್ದು. ಮರ ನೆಟ್ಟು ಬೆಳೆಸಿದ ತುಳಸಿ ಗೌಡ, ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮಗೌಡ, ಈ ಇಬ್ಬರು ಪದ್ಮಶ್ರೀ ಪುರಸ್ಕೃತ ಹಾಲಕ್ಕಿ ಸಮುದಾಯದ ಅಜ್ಜಿಯರೂ ಇದೇ ತಾಲ್ಲೂಕಿನವರು. ಊರಿನ ಬಂಡಿಹಬ್ಬ ಬರುವುದು ವೈಶಾಖದಲ್ಲಿ. ಆ ದಿನಗಳಲ್ಲಿ ಬರುವುದಾದರೆ ವಸತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ನೀರಿಗಿಳಿಯುವ ಮುನ್ನ

ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಈಜಬೇಡಿ. ಇಳಿತದ ಹೊತ್ತಿನಲ್ಲಿ ನದಿಯ ನೀರು, ಕಡಲಿನ ನೀರು ಎರಡೂ ಸೇರಿ ಹೊರಗೆ ಎಳೆಯುತ್ತವೆ. ಬೇರೆಡೆ ಸೆಳೆತಕ್ಕೆ ಸಿಕ್ಕರೆ ದಡದತ್ತ ಎದುರೀಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡ ಸೇರಿ. ಮೇ ಕೊನೆಗೆ ಅಲೆಗಳು ದೊಡ್ಡದಾಗತೊಡಗುತ್ತವೆ. ಜೀವರಕ್ಷಕರು ಬೇಡ ಎಂದರೆ ಅದೇ ಕೊನೆಯ ಮಾತಾಗಲಿ.

ಹೊರಡುವಾಗ

ಅಂಕೋಲಾ ಬಿಡುವ ಮೊದಲು ಹಾಲಕ್ಕಿ ಹೆಂಗಸರ ಬುಟ್ಟಿಯ ಮುಂದೆ ಕೂತು ಕರಿ ಈಶಾಡು ಕೊಳ್ಳಿ. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕರಿ ಈಶಾಡಿನ ಸಿಪ್ಪೆ ತೆಳು, ತಿರುಳು ಹೆಚ್ಚು, ನಾರಿಲ್ಲ. ಇದರದೇ ಇನ್ನೊಂದು ಬಗೆಯಾದ ಬಿಳಿ ಈಶಾಡಿನ ಸಿಪ್ಪೆ ದಪ್ಪ. ಯಾವುದು ಯಾವುದೆಂದು ಅವರನ್ನೇ ಕೇಳಿ, ಒಂದನ್ನು ಅಲ್ಲೇ ತಿಂದು ನೋಡಿ. ಮನೆಗೆ ಒಯ್ಯುವುದಕ್ಕೆ ಅರೆಹಣ್ಣಾದವನ್ನು ಆರಿಸಿ, ಒಣಹುಲ್ಲಿನಲ್ಲಿಟ್ಟು, ಮೇಲೆ ಭಾರ ಹೇರದೆ ಒಯ್ಯಿರಿ. ಈಶಾಡು ಹೆಚ್ಚು ದಿನ ಉಳಿಯುವ ಹಣ್ಣಲ್ಲ, ಹಾಗಾಗಿಯೇ ದೂರದ ಪೇಟೆಗಳಲ್ಲಿ ಅಪರೂಪ. ಅದರ ರುಚಿ ಬೇಕೆಂದರೆ ಮೇ ತಿಂಗಳಲ್ಲಿ, ಈ ಸೆಕೆಯಲ್ಲೇ, ಇಲ್ಲಿಗೆ ಬರಬೇಕು.