ಪೆಟ್ಟಿಗೆಗೆ ಮರಳಿದ ಸದ್ದು

ವಿಂಡೋಸ್ ಎಕ್ಸ್‌ಪಿ ಕಾಲದ ಕಂಪ್ಯೂಟರ್ ಮುಂದೆ ಕೂತವರಿಗೆ ಆ ಆಟ ಗೊತ್ತು. ಸೈಬರ್ ಕೆಫೆಯಲ್ಲಿ ನೆಟ್ ಬರಲೆಂದು ಕಾಯುವಾಗ, ಕಚೇರಿಯಲ್ಲಿ ಊಟ ಮುಗಿದರೂ ಕೆಲಸಕ್ಕೆ ಮನಸ್ಸಾಗದಿದ್ದಾಗ ನಾವು ತೆರೆಯುತ್ತಿದ್ದದ್ದು ಅದನ್ನೇ. ಸ್ಪೇಸ್ ಬಾರ್ ಅದುಮಿ ಬಿಟ್ಟರೆ ಗುಂಡು ಮೇಲಕ್ಕೆ ಚಿಮ್ಮುತ್ತಿತ್ತು. ಕೆಳಗೆ ಎರಡು ಪುಟ್ಟ ರೆಕ್ಕೆಗಳು ಅದನ್ನು ಮತ್ತೆ ಮತ್ತೆ ಮೇಲಕ್ಕಟ್ಟುತ್ತಿದ್ದವು. 1995ರಲ್ಲಿ ಬಂದ ಆ ‘ಸ್ಪೇಸ್ ಕೆಡೆಟ್’ ಪಿನ್‌ಬಾಲ್ ವಿಂಡೋಸ್ ವಿಸ್ಟಾ ಬರುವಷ್ಟರಲ್ಲಿ ಕಾಣೆಯಾಗಿತ್ತು. ಕಾರಣವನ್ನು ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ ಆಮೇಲೆ ವಿವರಿಸಿದರು. ಆಟವನ್ನು 64-ಬಿಟ್‌ಗೆ ಒಗ್ಗಿಸಲು ಹೊರಟಾಗ ಗುಂಡು ಯಾವುದಕ್ಕೂ ತಾಗದೆ, ಭೂತದಂತೆ ಎಲ್ಲವನ್ನೂ ತೂರಿಕೊಂಡು ಹೋಗುತ್ತಿತ್ತಂತೆ. ತಪ್ಪು ಎಲ್ಲಿದೆಯೆಂದು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಆಟವನ್ನೇ ಕೈಬಿಟ್ಟರು.

ನನಗೆ ಈ ಸಂಗತಿ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಪರದೆಯ ಗುಂಡಿಗೆ ಮೈಯೇ ಇಲ್ಲವೆಂಬುದು ಇದಕ್ಕಿಂತ ಚೆನ್ನಾಗಿ ಗೊತ್ತಾಗುವುದು ಹೇಗೆ? ನಿಜವಾದ ಪಿನ್‌ಬಾಲ್ ಗುಂಡು ಉಕ್ಕಿನದು. 27 ಮಿಲಿಮೀಟರ್ ಅಡ್ಡಳತೆ, ಸುಮಾರು 80 ಗ್ರಾಂ ತೂಕ. ಅದು ನೂರು ಕಿಲೋ ದಾಟುವ ಮರದ ಪೆಟ್ಟಿಗೆಯೊಳಗೆ ಉರುಳುವಾಗ ಆಡುವವನ ಅಂಗೈಗೆ ನಡುಕ ಮುಟ್ಟುತ್ತದೆ. ಅಮೆರಿಕ, ಯುರೋಪು, ಆಸ್ಟ್ರೇಲಿಯಾಗಳ ಗ್ಯಾರೇಜುಗಳಲ್ಲಿ ಕಳೆದ ಎರಡು ದಶಕಗಳಿಂದ ಕೆಲವರು ಆ ನಡುಕವನ್ನು ಮರಳಿ ತರಲು ಪ್ಲೈವುಡ್ ಕೊಯ್ಯುತ್ತ, ತಂತಿ ಬೆಸೆಯುತ್ತ ಕೂತಿದ್ದಾರೆ. ಅವರು ಕಟ್ಟುವುದಕ್ಕೆ ವರ್ಚುವಲ್ ಪಿನ್‌ಬಾಲ್ ಕ್ಯಾಬಿನೆಟ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಹಳೆಯ ಪಿನ್‌ಬಾಲ್ ಯಂತ್ರವೇ. ಗಾಜಿನ ಕೆಳಗೆ ಮಾತ್ರ ಆಟದ ಹಲಗೆಯ ಬದಲು ಒಂದು ದೊಡ್ಡ ಟಿ.ವಿ. ಅಂಗಾತ ಮಲಗಿರುತ್ತದೆ.

ಇದರ ಹುಟ್ಟಿಗೆ ಒಂದು ಸಾವು ಕಾರಣ. ಪಿನ್‌ಬಾಲಿನ ತವರು ಷಿಕಾಗೋ. ಅಲ್ಲಿನ ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಕಂಪನಿಗಳು ದಶಕಗಳ ಕಾಲ ಜಗತ್ತಿಗೆಲ್ಲ ಈ ಪೆಟ್ಟಿಗೆಗಳನ್ನು ಕಳಿಸಿದವು. 1992ರ ‘ದಿ ಆಡಮ್ಸ್ ಫ್ಯಾಮಿಲಿ’ ಒಂದೇ 20,270 ತಯಾರಾಯಿತು. ಆಮೇಲೆ ಇಳಿಜಾರು. ವಿಡಿಯೊ ಗೇಮುಗಳ ಎದುರು ಉಳಿಯಲು ವಿಲಿಯಮ್ಸ್ ‘ಪಿನ್‌ಬಾಲ್ 2000’ ಎಂಬ ಕೊನೆಯ ಪ್ರಯತ್ನ ಮಾಡಿತು. ಯಂತ್ರದೊಳಗೊಂದು ಮಾನಿಟರ್ ಇಟ್ಟು, ಅದರ ಬಿಂಬ ಗಾಜಿನ ಮೇಲೆ ಬಿದ್ದು, ನಿಜವಾದ ಗುಂಡು ಬೆಳಕಿನ ಬೊಂಬೆಗಳಿಗೆ ಹೊಡೆಯುವಂತೆ ಕಾಣುವ ಏರ್ಪಾಡು. ಅದೂ ಕೈಹಿಡಿಯಲಿಲ್ಲ. 1999ರಲ್ಲಿ ವಿಲಿಯಮ್ಸ್ ಪಿನ್‌ಬಾಲ್ ತಯಾರಿಕೆಗೆ ಬಾಗಿಲು ಹಾಕಿತು.

ಮರುವರ್ಷ, 2000ದ ಡಿಸೆಂಬರ್‌ನಲ್ಲಿ, ರ‍್ಯಾಂಡಿ ಡೇವಿಸ್ ಎಂಬ ಪ್ರೋಗ್ರಾಮರ್ ‘ವಿಷುವಲ್ ಪಿನ್‌ಬಾಲ್’ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಅದು ಆಟವಲ್ಲ, ಆಟ ಕಟ್ಟುವ ಕಮ್ಮಟ. ಗೋಡೆ, ಕಂಬ, ಗುಂಡನ್ನು ಪುಟಿಸುವ ಬಂಪರ್, ಇಳಿಜಾರು ಎಲ್ಲವನ್ನೂ ಮೌಸಿನಿಂದ ಇಟ್ಟು, ಯಾವುದು ಯಾವುದಕ್ಕೆ ತಾಗಿದರೆ ಏನಾಗಬೇಕೆಂದು ವಿಬಿಸ್ಕ್ರಿಪ್ಟ್‌ನಲ್ಲಿ ಬರೆದರೆ ಸಾಕು. ಹವ್ಯಾಸಿಗಳು ಹಳೆಯ ಯಂತ್ರಗಳ ಹಲಗೆಗಳನ್ನು ಸ್ಕ್ಯಾನ್ ಮಾಡಿ, ಒಂದೊಂದು ರಬ್ಬರ್ ಬಳೆಯನ್ನೂ ಅದರದರ ಜಾಗದಲ್ಲಿ ಕೂರಿಸಿ, ತಿಂಗಳುಗಟ್ಟಲೆ ದುಡಿದು ಅವುಗಳ ಪ್ರತಿರೂಪ ಕಟ್ಟತೊಡಗಿದರು.

ಇದರ ಜೊತೆಗೂಡಿದ್ದು ಪಿನ್‌ಮೇಮ್ ಎಂಬ ಇನ್ನೊಂದು ತಂತ್ರಾಂಶ. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಸೋಜಿಗದ್ದೆನಿಸುವುದು ಅದೇ. ಎಪ್ಪತ್ತರ ದಶಕದ ಕೊನೆಯಿಂದ ಪಿನ್‌ಬಾಲ್ ಯಂತ್ರಗಳಿಗೆ ಮೈಕ್ರೊಪ್ರೊಸೆಸರ್ ಬಂತು. ತೊಂಬತ್ತರ ವಿಲಿಯಮ್ಸ್ ಯಂತ್ರಗಳಲ್ಲಿದ್ದದ್ದು ಮೊಟೊರೋಲಾ 6809. ಅಂಕ ಎಣಿಸುವುದು, ದೀಪ ಹೊತ್ತಿಸುವುದು, ಯಾವ ಕಾಯಿಲ್‌ಗೆ (ಕಬ್ಬಿಣವನ್ನು ಎಳೆಯುವ ತಂತಿ ಸುರುಳಿಗೆ) ಯಾವಾಗ ವಿದ್ಯುತ್ ಕೊಡಬೇಕೆಂದು ಹೇಳುವುದು, ಎಲ್ಲ ಅದರದೇ. ಪಿನ್‌ಮೇಮ್ ಆ ಸರ್ಕಿಟ್ ಬೋರ್ಡನ್ನೇ ಕಂಪ್ಯೂಟರಿನೊಳಗೆ ನಟಿಸುತ್ತದೆ. ಹಳೆಯ ಚಿಪ್‌ನಲ್ಲಿದ್ದ ಪ್ರೋಗ್ರಾಂ ಒಂದಕ್ಷರವೂ ಬದಲಾಗದೆ ಅದರ ಮೇಲೆ ಓಡುತ್ತದೆ. ಬೆಳಕಿನ ಗುಂಡು ಬೆಳಕಿನ ಗುರಿಗೆ ತಾಗಿದರೆ, ಸ್ವಿಚ್ ಒತ್ತಿತೆಂದು ಆ ಪ್ರೋಗ್ರಾಂಗೆ ಸುದ್ದಿ ಹೋಗುತ್ತದೆ. ಅದು ತನ್ನ ಸುತ್ತ ಮರ, ಕಬ್ಬಿಣ ಎಲ್ಲ ಇದೆ ಎಂದುಕೊಂಡೇ ‘ಇಂಥ ಕಾಯಿಲ್ ಎಳೆ’ ಎಂದು ಆಜ್ಞೆ ಮಾಡುತ್ತದೆ. ಎಳೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಯಂತ್ರದ ಬುದ್ಧಿ ಉಳಿದಿತ್ತು, ಮೈ ಹೋಗಿತ್ತು.

ಮೈ ಕೊಡುವ ಕೆಲಸ ಬಡಗಿತನದಿಂದ ಶುರುವಾಯಿತು. ಮೊದಲು ಮಾನಿಟರನ್ನು ಅಡ್ಡಕ್ಕೆ ತಿರುಗಿಸಿ ಉದ್ದ ಮಾಡಿದರು, ಆಮೇಲೆ ಟಿ.ವಿ.ಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ವಿಲಿಯಮ್ಸ್ ಪೆಟ್ಟಿಗೆಯ ಒಳ ಅಗಲ ಸುಮಾರು 52 ಸೆಂಟಿಮೀಟರ್. 40 ಇಂಚಿನ ಟಿ.ವಿ.ಯ ಗಾಜಷ್ಟೇ ಆದರೆ 50 ಸೆಂಟಿಮೀಟರಿಗೆ ಸ್ವಲ್ಪ ಒಳಗೇ ಇರುತ್ತದೆ. ಪ್ಲಾಸ್ಟಿಕ್ ಚೌಕಟ್ಟು ಸೇರಿದರೆ ಹಿಡಿಯದು. ಹಾಗಾಗಿ ಹೊಸ ಟಿ.ವಿ. ತಂದು ಮೊದಲ ದಿನವೇ ಅದರ ಚೌಕಟ್ಟು ಬಿಚ್ಚುವ ಧೈರ್ಯ ಬೇಕಾಗುತ್ತಿತ್ತು. ತಲೆಯ ಭಾಗದಲ್ಲಿ ಎರಡನೆಯ ಪರದೆ, ಅದರ ಕೆಳಗೆ ಅಂಕ ತೋರಿಸಲು 128 ಅಡ್ಡ, 32 ಉದ್ದದ ಕಿತ್ತಳೆ ಚುಕ್ಕಿಗಳ ಪಟ್ಟಿ. ಇನ್ನೊಂದು ತೊಡಕು ನೋಡಿ: ಪೆಟ್ಟಿಗೆಯ ಸ್ವಿಚ್ ಹಾಕಿದರೆ ಕಂಪ್ಯೂಟರ್ ಏಳುತ್ತದೆ, ಟಿ.ವಿ. ಮಾತ್ರ ರಿಮೋಟಿನ ಅಪ್ಪಣೆಗೆ ಕಾಯುತ್ತ ಕಪ್ಪಾಗಿಯೇ ಇರುತ್ತದೆ. ಕೊನೆಗೆ ಪೆಟ್ಟಿಗೆಯೊಳಗೇ ಪುಟ್ಟದೊಂದು ಇನ್‌ಫ್ರಾರೆಡ್ ದೀಪ ಕೂರಿಸಿ, ಕೆಲವು ಸೆಕೆಂಡು ಬಿಟ್ಟು ಅದೇ ರಿಮೋಟಿನ ಕೆಲಸ ಮಾಡುವಂತೆ ಮಾಡಿದರು.

ಪೆಟ್ಟಿಗೆ ನಿಂತಿತು, ಆಟ ಓಡಿತು. ಆದರೆ ಕೈಗೆ ಏನೂ ತಾಗುತ್ತಿರಲಿಲ್ಲ. ಆಮೇಲಿನ ಒಂದೊಂದು ಸುಧಾರಣೆಯೂ ಪಿನ್‌ಬಾಲಿನ ಹಳೆಯ ಚರಿತ್ರೆಯಲ್ಲಿ ಯಾರೋ ಒಮ್ಮೆ ಕಂಡುಹಿಡಿದಿದ್ದನ್ನು ಎರಡನೆಯ ಸಲ ಕಂಡುಹಿಡಿಯುವ ಕೆಲಸವಾಯಿತು.

ಮೊದಲನೆಯದು ಪ್ಲಂಜರ್, ಅಂದರೆ ಗುಂಡು ಚಿಮ್ಮಿಸುವ ಸ್ಪ್ರಿಂಗ್ ಸಲಾಕೆ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಬ್ಯಾಗಟೆಲ್ ಆಟದಲ್ಲಿ ಗುಂಡನ್ನು ಕೋಲಿನಿಂದ ತಳ್ಳುತ್ತಿದ್ದರು. 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೆಗ್ಯೂ ರೆಡ್‌ಗ್ರೇವ್ ಕೋಲಿನ ಜಾಗಕ್ಕೆ ಸ್ಪ್ರಿಂಗ್ ತಂದು ಪೇಟೆಂಟ್ ಪಡೆದರು. ನಮ್ಮ ಬೇಸಿಗೆ ರಜೆಯ ಬ್ಯಾಗಟೆಲ್ ಹಲಗೆ ಇದರ ಮೊಮ್ಮಗನೇ: ಮೊಳೆ ಹೊಡೆದ ಹಲಗೆ, ಗುಳಿಗಳ ಪಕ್ಕ ಬರೆದ ಅಂಕಿಗಳು, ಬಲಗಡೆ ಎಳೆದು ಬಿಡುವ ಸಲಾಕೆ. ಎಷ್ಟು ಎಳೆದು ಬಿಟ್ಟರೆ ಗುಂಡು ಯಾವ ಗುಳಿಗೆ ಬೀಳುತ್ತದೆಂಬುದು ನಮ್ಮ ಬೆರಳಿಗೆ ಗೊತ್ತಿತ್ತು, ಬಾಯಿಗೆ ಹೇಳಲು ಬರುತ್ತಿರಲಿಲ್ಲ.

ಆ ಬೆರಳಿನ ತಿಳಿವೇ ಒಮ್ಮೆ ಇಡೀ ಆಟವನ್ನು ಉಳಿಸಿತು. ನ್ಯೂಯಾರ್ಕ್ ನಗರ 1942ರಲ್ಲಿ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿತ್ತು. ಮೇಯರ್ ಲಾ ಗಾರ್ಡಿಯಾ ಕಾಲದಲ್ಲಿ ಯಂತ್ರಗಳನ್ನು ಸುತ್ತಿಗೆಯಿಂದ ಒಡೆದುಹಾಕಿದರು. 1976ರಲ್ಲಿ ರಾಜರ್ ಶಾರ್ಪ್ ಎಂಬ ಬರಹಗಾರ ನಗರಸಭೆಯವರ ಕಣ್ಣೆದುರೇ ಆಡಿ, ಗುಂಡು ನಡುವಿನ ದಾರಿಯಲ್ಲೇ ಇಳಿಯುತ್ತದೆಂದು ಮೊದಲೇ ಹೇಳಿ ಪ್ಲಂಜರ್ ಎಳೆದರು. ಹೇಳಿದಂತೆಯೇ ಇಳಿಯಿತು. ನಿಷೇಧ ತೆರವಾಯಿತು. ಇಂಥ ಪ್ಲಂಜರ್ ಇದ್ದ ಜಾಗದಲ್ಲಿ ಒಂದು ಬಟನ್ ಇಟ್ಟರೆ ಸಾಕೆ?

ಸಾಲದೆಂದವರು ನಿಜವಾದ ಪ್ಲಂಜರನ್ನೇ ತಂದು ಕೂರಿಸಿ, ಅದರ ತುದಿ ಎಲ್ಲಿದೆಯೆಂದು ಅಳೆಯುವ ದಾರಿ ಹುಡುಕಿದರು. ಕೆಲವರು ಹಳೆಯ ಸ್ಟೀರಿಯೊದಲ್ಲಿರುವಂಥ ಜಾರುವ ಪೊಟೆನ್ಶಿಯೋಮೀಟರ್ ಕಟ್ಟಿದರು. ‘ಪಿನ್‌ಸ್ಕೇಪ್’ ಎಂಬ ಮುಕ್ತ ಯೋಜನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: 1,280 ಬೆಳಕಿನ ಕಣಗಳಿರುವ ಉದ್ದನೆಯ ಸಂವೇದಕದ ಮೇಲೆ ಸಲಾಕೆಯ ನೆರಳು ಬೀಳಿಸಿ ಅದರ ಅಂಚನ್ನು ಓದುವ ಉಪಾಯ. ಅಷ್ಟಾದರೂ ಹೊಡೆತ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುತ್ತಿರಲಿಲ್ಲ. ಬಿಟ್ಟ ಸಲಾಕೆ ಹತ್ತಾರು ಮಿಲಿಸೆಕೆಂಡಿನಲ್ಲೇ ಮುಂದೆ ನುಗ್ಗಿ ಮತ್ತೆ ಹಿಂದಕ್ಕೆ ಪುಟಿದಿರುತ್ತದೆ. ಕಂಪ್ಯೂಟರ್ ‘ಎಲ್ಲಿದ್ದೀಯ’ ಎಂದು ಕೇಳುವ ಎರಡು ಗಳಿಗೆಗಳ ನಡುವೆಯೇ ಎಲ್ಲ ಮುಗಿದುಹೋಗುತ್ತದೆ. ಹಾಗಾಗಿ ಸಲಾಕೆ ಬಿಟ್ಟ ಕ್ಷಣವನ್ನು ಪೆಟ್ಟಿಗೆಯೊಳಗಿನ ಚಿಕ್ಕ ಬೋರ್ಡೇ ಗುರುತಿಸಿ, ಅದರ ವೇಗವನ್ನು ಕಂಪ್ಯೂಟರಿಗೆ ಅರ್ಥವಾಗುವಷ್ಟು ನಿಧಾನವಾಗಿ ಹೇಳುವಂತೆ ಬರೆದರು. ಒಂದು ಸ್ಪ್ರಿಂಗಿಗಾಗಿ ಇಷ್ಟು ತಲೆಕೆಡಿಸಿಕೊಂಡವರ ಬಗ್ಗೆ ನನಗೆ ಗೌರವವಿದೆ.

ಎರಡನೆಯದು ಟಿಲ್ಟ್. 1930ರ ದಶಕದ ಆರಂಭದಲ್ಲಿ ಜನ ಪೆಟ್ಟಿಗೆಯನ್ನೇ ಎತ್ತಿ ಕುಲುಕಿ ಗುಂಡನ್ನು ಗುಳಿಗೆ ಬೀಳಿಸುತ್ತಿದ್ದರು. ವಿನ್ಯಾಸಕ ಹ್ಯಾರಿ ವಿಲಿಯಮ್ಸ್ ಪುಟ್ಟ ಪೀಠದ ಮೇಲೊಂದು ಗುಂಡು ಇಟ್ಟರು. ಪೆಟ್ಟಿಗೆ ಅತಿಯಾಗಿ ಅಲುಗಿದರೆ ಅದು ಬೀಳುತ್ತಿತ್ತು, ಆಟ ಮುಗಿಯುತ್ತಿತ್ತು. ಮುಂದೆ ಅದೇ ಬಳೆಯೊಳಗೆ ತೂಗುವ ಲೋಲಕವಾಯಿತು. ಅಲ್ಲಿಂದಾಚೆಗೆ ಪಿನ್‌ಬಾಲ್ ಆಡುವವನ ಅರ್ಧ ವಿದ್ಯೆ ಇರುವುದು ಸೊಂಟದಲ್ಲಿ: ಲೋಲಕ ಬಳೆಗೆ ತಾಗದಷ್ಟು, ಗುಂಡು ದಾರಿ ಬದಲಿಸುವಷ್ಟು ಪೆಟ್ಟಿಗೆಯನ್ನು ನೂಕುವುದು. ಮನೆಯ ಪೆಟ್ಟಿಗೆಯಲ್ಲಿ ಈ ಕೆಲಸ ಆಕ್ಸೆಲರೋಮೀಟರಿನದು, ಮೊಬೈಲ್ ಅಡ್ಡ ಹಿಡಿದಾಗ ಚಿತ್ರ ತಿರುಗಿಸುವ ಅದೇ ಚಿಪ್. ಪಿನ್‌ಸ್ಕೇಪ್ ಮೊದಲು ಬಳಸಿದ ಕೆಎಲ್25ಝಡ್ ಬೋರ್ಡಿನ ಮೇಲೆ ಅದು ಮೊದಲೇ ಇತ್ತು. ಪೆಟ್ಟಿಗೆ ಹಗುರವಾದರೆ ಮಾತ್ರ ಸುಮ್ಮನೆ ಬಟನ್ ಒತ್ತಿದರೂ ಅದಕ್ಕೆ ನೂಕಿದಂತೆ ಕಾಣುತ್ತದೆ. ಹಾಗಾಗಿ ಮುಕ್ಕಾಲು ಇಂಚಿನ ಪ್ಲೈವುಡ್ಡೇ ಬೇಕೆನ್ನುವುದು.

ಮೂರನೆಯದು ಫ್ಲಿಪ್ಪರ್. 1947ರಲ್ಲಿ ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ಗೆ ಹ್ಯಾರಿ ಮ್ಯಾಬ್ಸ್ ಆರು ಪುಟ್ಟ ರೆಕ್ಕೆಗಳನ್ನು ಕೊಟ್ಟರು. ಅಲ್ಲಿಯವರೆಗೆ ಗುಂಡು ಬೀಳುವುದನ್ನು ನೋಡುತ್ತಿದ್ದವರು ಆವತ್ತಿನಿಂದ ಅದನ್ನು ಹೊಡೆಯತೊಡಗಿದರು. ಹೊಡೆತಕ್ಕೆ ಸದ್ದು ಬೇಕು, ಮರದಲ್ಲಿ ಅದಿರುವ ಸದ್ದು. ಇಲ್ಲಿ ಪಿನ್‌ಮೇಮ್‌ನ ಗಾಳಿಗೆ ಹೋಗುತ್ತಿದ್ದ ಆಜ್ಞೆಗಳು ನೆನಪಾಗಬೇಕು. ‘ಡೈರೆಕ್ಟ್ ಔಟ್‌ಪುಟ್’ ಎಂಬ ತಂತ್ರಾಂಶ ಆಟದೊಳಗಿನ ಆ ಸಂಕೇತಗಳನ್ನು ಹಿಡಿದು ಯುಎಸ್‌ಬಿ ಬೋರ್ಡಿನ ಮೂಲಕ ಹೊರಗೆ ತಂದಿತು. ಅವುಗಳ ತುದಿಗೆ ಹವ್ಯಾಸಿಗಳು ಕಟ್ಟಿದ್ದು ಕಾಂಟ್ಯಾಕ್ಟರ್. ನಮ್ಮ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಲ್ಲಿ ಹಸಿರು ಬಟನ್ ಒತ್ತಿದಾಗ ‘ಠಪ್’ ಎನ್ನುತ್ತದಲ್ಲ, ಅದೇ. ಮೋಟಾರು ಓಡಿಸಲಿಕ್ಕಲ್ಲ, ಆ ಠಪ್ ಕೇಳಲಿಕ್ಕಷ್ಟೇ. ಎಡ ರೆಕ್ಕೆಗೆ ಎಡಗಡೆ ಒಂದು, ಬಲ ರೆಕ್ಕೆಗೆ ಬಲಗಡೆ ಒಂದು, ಬಂಪರುಗಳಿಗೆ ನಡುವೆ. ತೊಂಬತ್ತರ ದಶಕದ ಪ್ರೋಗ್ರಾಂ ‘ಎಳೆ’ ಎಂದಿತು, ಕಬ್ಬಿಣ ಎಳೆಯಿತು.

ಈ ಹಂತದಲ್ಲಿ ಸುಟ್ಟ ಬೋರ್ಡುಗಳ ಲೆಕ್ಕವಿಲ್ಲ. ಆಗ ಹೆಚ್ಚು ಬಳಕೆಯಲ್ಲಿದ್ದ ಎಲ್‌ಇಡಿ-ವಿಝ್ ಬೋರ್ಡಿನ ಒಂದೊಂದು ತುದಿ ತಾಳುತ್ತಿದ್ದದ್ದು 500 ಮಿಲಿಆಂಪಿಯರ್. ದೀಪಕ್ಕೆ ಅದು ಧಾರಾಳ, ಕಾಯಿಲ್‌ಗೆ ಏನೇನೂ ಸಾಲದು. ಮೇಲಾಗಿ ಕಾಯಿಲ್‌ನಿಂದ ವಿದ್ಯುತ್ ತೆಗೆದ ಕ್ಷಣ ಅದು ಎದುರು ದಿಕ್ಕಿಗೆ ದೊಡ್ಡ ವೋಲ್ಟೇಜ್ ಒದೆಯುತ್ತದೆ. ಅಡ್ಡಲಾಗಿ ಒಂದು ಡಯೋಡ್ ಇಡಲು ಮರೆತವರ ಬೋರ್ಡು ಉಳಿಯುತ್ತಿರಲಿಲ್ಲ. ಮಾಸ್‌ಫೆಟ್ ಟ್ರಾನ್ಸಿಸ್ಟರ್ ಹಾಕಿದ, ಹೆಚ್ಚು ವಿದ್ಯುತ್ ತಾಳುವ ಬೂಸ್ಟರ್ ಬೋರ್ಡುಗಳು, ಕಾಯಿಲ್ ಸಿಕ್ಕಿಹಾಕಿಕೊಂಡು ಸುಡದಂತೆ ಸಮಯದ ಮಿತಿ, ಎಲ್ಲ ಹೀಗೆ ಪೆಟ್ಟು ತಿಂದೇ ಬಂದವು.

ದೀಪಗಳು, ಫ್ಯಾನು, ಪೆಟ್ಟಿಗೆಯನ್ನು ಗಡಗಡ ನಡುಗಿಸುವ ಮೋಟಾರು ಇವೆಲ್ಲ ಆಮೇಲೆ ಸೇರಿದವು. ಅದಕ್ಕಿಂತ ಸೂಕ್ಷ್ಮವಾದದ್ದು ಎಕ್ಸೈಟರ್. ಕೋನ್ ಇಲ್ಲದ, ಅಂಟಿಸಿದ ಮರವನ್ನೇ ಕಂಪಿಸುವಂತೆ ಮಾಡುವ ಸ್ಪೀಕರ್ ಅದು. ಪೆಟ್ಟಿಗೆಯ ನಾಲ್ಕು ಮೂಲೆಗೆ ನಾಲ್ಕನ್ನು ಅಂಟಿಸಿ, ನಿಜ ಯಂತ್ರಗಳಿಂದ ಧ್ವನಿಮುದ್ರಿಸಿದ ಸದ್ದುಗಳನ್ನು ಗುಂಡು ಇರುವ ಜಾಗಕ್ಕೆ ತಕ್ಕಂತೆ ಹಂಚಿದರೆ, ಉಕ್ಕು ದೂರದಿಂದ ನಮ್ಮ ಕಡೆಗೆ ಉರುಳಿ ಬರುವುದು ಅಂಗೈಗೆ ಗೊತ್ತಾಗುತ್ತದೆ. ಪರದೆಗಳೂ ಬದಲಾದವು. 60 ಹರ್ಟ್ಸ್ ಟಿ.ವಿ.ಯಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ಸುಮಾರು 17 ಮಿಲಿಸೆಕೆಂಡು ಅಂತರ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿರುವ ಗುಂಡು ಅಷ್ಟರಲ್ಲಿ 33 ಮಿಲಿಮೀಟರ್, ತನ್ನ ಮೈಗಿಂತ ಹೆಚ್ಚು, ಸಾಗಿರುತ್ತದೆ. 120 ಹರ್ಟ್ಸ್ ಪರದೆ ಹಾಕಿಕೊಂಡವರು ಮತ್ತೆ ಹಿಂದಕ್ಕೆ ಹೋಗದಿರುವುದು ಇದಕ್ಕೇ.

ಇಷ್ಟು ಕಷ್ಟಪಟ್ಟು ತಂದ ಸದ್ದನ್ನು ರಾತ್ರಿ ಆರಿಸಲೂ ಒಂದು ಸ್ವಿಚ್ ಇದೆ, ನೈಟ್ ಮೋಡ್ ಎಂದು. ಮನೆಯವರು ಮಲಗಿದ ಮೇಲೆ ಅದನ್ನು ಹಾಕಿದರೆ ಕಾಯಿಲ್, ಮೋಟಾರುಗಳೆಲ್ಲ ಸುಮ್ಮನಾಗುತ್ತವೆ.

ಕೆಲಸವೆಲ್ಲ ಮುಗಿದ ಮೇಲೆ ಕೂರಿಸುವುದು ಗಾಜು. ನಿಜ ಯಂತ್ರದಲ್ಲಿ ಅದು ಗುಂಡು ಹೊರಗೆ ಹಾರದಂತೆ ತಡೆಯಲು ಇರುವಂಥದು. ಇಲ್ಲಿ ಹಾರಲು ಗುಂಡೇ ಇಲ್ಲ, ಕೆಳಗಿನ ಪರದೆಗೆ ತನ್ನದೇ ಮೈಯಿದೆ. ಆದರೂ ಬಹಳಷ್ಟು ಜನ ಟೆಂಪರ್ಡ್ ಗಾಜನ್ನು ಅಳತೆಗೆ ಮಾಡಿಸಿ ತರುತ್ತಾರೆ. ಅದನ್ನು ಹಿಂದಿನ ಸೀಳಿಗೆ ಸೇರಿಸಿ, ಮುಂದಿನ ಲೋಹದ ಪಟ್ಟಿಯಿಂದ ಬಂಧಿಸಿ, ಬಟ್ಟೆಯಿಂದ ಒರೆಸಿ, ಎರಡೂ ಕೈಗಳನ್ನು ಪೆಟ್ಟಿಗೆಯ ಪಕ್ಕಗಳ ಮೇಲಿಟ್ಟು ನಿಲ್ಲುತ್ತಾರೆ. ಆಮೇಲೆ ಪ್ಲಂಜರ್ ಎಳೆಯುತ್ತಾರೆ.